ಕೋಳಿಗೂಡಿನ ಗಾಜುಮನೆ

ಮುಖವನ್ನು ಮುಖದಂತೆ ತೋರಿಸುವುದು ಸುಲಭದ ಕೆಲಸವಲ್ಲವೆಂಬುದು ಚಿತ್ರಕಾರರಿಗೆ ಶತಮಾನಗಳಿಂದ ತಿಳಿದಿದ್ದ ಸಂಗತಿ. ಆದರೆ 1839ರಲ್ಲಿ ಬೆಳಕೇ ಕುಂಚ ಹಿಡಿದಿದೆಯೆಂಬ ಸುದ್ದಿ ಪ್ಯಾರಿಸಿನಿಂದ ಹೊರಟಾಗ, ಇನ್ನು ಆ ಕಷ್ಟವೆಲ್ಲ ತೀರಿತೆಂದೇ ಬಹು ಜನ ಭಾವಿಸಿದರು. ಆ ವರ್ಷದ ಜನವರಿ 7ರಂದು ದಾಗೇರನ ಶೋಧವನ್ನು ಅರಾಗೋ ಎಂಬ ವಿಜ್ಞಾನಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಸಾರಿದನು. ಆಗಸ್ಟ್ 19ರಂದು ಅದರ ವಿಧಾನ ಬಹಿರಂಗವಾಯಿತು. ಬೆಳ್ಳಿಯ ಲೇಪವಿದ್ದ ತಗಡಿನ ಮೇಲೆ ಕಟ್ಟಡಗಳು, ಸೇತುವೆಗಳು, ಶಿಲ್ಪಗಳು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಮೂಡಿದ್ದವು. ಮೂಡದಿದ್ದವನು ಒಬ್ಬನೇ, ಮನುಷ್ಯ.

ಇದು ಅಲಂಕಾರದ ಮಾತಲ್ಲ. 1838ರಲ್ಲಿ ದಾಗೇರನು ತನ್ನ ಕಿಟಕಿಯಿಂದ ತೆಗೆದ ಬೀದಿಯ ಚಿತ್ರವೊಂದು ಪ್ರಸಿದ್ಧವಾಗಿದೆ. ಪ್ಯಾರಿಸಿನ ಬಹಳ ಗಲಾಟೆಯ ಬೀದಿಗಳಲ್ಲಿ ಒಂದಾದ ಬುಲ್ವಾರ್ ದ್ಯು ತಾಂಪ್ಲ್ ಆ ಚಿತ್ರದಲ್ಲಿ ಊರು ಬಿಟ್ಟುಹೋದ ಬೀದಿಯಂತೆ ಬರಿದಾಗಿದೆ. ಗಾಡಿಗಳೂ ಜನರೂ ಆಗ ಅಲ್ಲಿ ಓಡಾಡುತ್ತಲೇ ಇದ್ದರು. ಆದರೆ ತಗಡು ಬೆಳಕನ್ನು ಹೀರಿಕೊಳ್ಳಲು ಹಲವು ನಿಮಿಷ ಬೇಕಾಗಿತ್ತು; ಚಲಿಸಿದವರು ಯಾರೂ ಅದರ ಲೆಕ್ಕಕ್ಕೆ ಬರಲಿಲ್ಲ. ಬೀದಿಯ ಮೂಲೆಯಲ್ಲಿ ಕಾಲು ಮುಂದಿಟ್ಟು ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಮಾತ್ರ ಉಳಿದುಕೊಂಡ. ನಮಗೆ ತಿಳಿದಿರುವಂತೆ ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಒಬ್ಬನಾದ ಅವನಿಗೆ ತಾನು ಚಿತ್ರಕ್ಕೆ ಸಿಕ್ಕಿದ್ದೇ ಗೊತ್ತಿರಲಾರದು.

ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷಗಳ ಭಾವಚಿತ್ರದ ಇತಿಹಾಸವೆಂದರೆ ತಪ್ಪುಗಳ ಇತಿಹಾಸ. ತಪ್ಪನ್ನು ತಿದ್ದಿಕೊಂಡವರ ಕಥೆ ಅದರಲ್ಲಿದೆ. ತಪ್ಪಿನಲ್ಲೇ ಏನನ್ನೋ ಕಂಡವರ ಕಥೆಯೂ ಇದೆ. ಎರಡನೆಯ ಬಗೆಯವರು ಕಡಮೆ, ಆದರೆ ಅವರೇ ಹೆಚ್ಚು ಕುತೂಹಲಕರರು.

ಮೊದಲ ಬಗೆಯವರಲ್ಲಿ ಜಾನ್ ವಿಲಿಯಂ ಡ್ರೇಪರನನ್ನು ಹೆಸರಿಸಬೇಕು. ನ್ಯೂಯಾರ್ಕಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಈತ ಮನುಷ್ಯನ ಮುಖ ತಗಡಿನ ಮೇಲೆ ಮೂಡಬೇಕಾದರೆ ಅದು ಬೆಳ್ಳಗಿರಬೇಕೆಂದು ಊಹಿಸಿ, ಕುಳಿತವರ ಮುಖಕ್ಕೆ ಬಿಳಿಯ ಪುಡಿ ಬಳಿದನು. ನಮ್ಮ ಬಯಲಾಟದ ಪಾತ್ರಧಾರಿಗಳಂತೆ ಮುಖಕ್ಕೆ ಬಣ್ಣ ಬಳಿದುಕೊಂಡು ಬಿಸಿಲಿನಲ್ಲಿ ಅಲುಗಾಡದೆ ಕುಳಿತ ಆ ಸಭ್ಯ ಗೃಹಸ್ಥರನ್ನು ನೆನೆದರೆ ನಗು ಬರುತ್ತದೆ. ಕೆಲವೇ ಪ್ರಯತ್ನಗಳಲ್ಲಿ ಪುಡಿಯ ಅಗತ್ಯವಿಲ್ಲವೆಂದು ಡ್ರೇಪರನಿಗೆ ಮನವರಿಕೆಯಾಯಿತು. 1840ರಲ್ಲಿ ಅದನ್ನು ತಾನೇ ಬರೆದು ಪ್ರಕಟಿಸಿದನು. ಬಿಸಿಲಿನ ಝಳಕ್ಕೆ ಕಣ್ಣು ಮುಚ್ಚಿಹೋಗುವುದನ್ನು ತಪ್ಪಿಸಲು ನೀಲಿಗಾಜಿನ ಮೂಲಕ ಬೆಳಕು ಹಾಯಿಸಿದ್ದು ಆತನ ಇನ್ನೊಂದು ಉಪಾಯ. ಅದು ಫಲಿಸಿತು, ಏಕೆಂದರೆ ಆ ಕಾಲದ ತಗಡುಗಳಿಗೆ ಕಾಣುತ್ತಿದ್ದುದೇ ನೀಲಿ ಬೆಳಕು. ಅದೇ ವರ್ಷ ತೆಗೆದ ಆತನ ಅಕ್ಕ ಡೊರೊತಿಯ ಚಿತ್ರ ಇಂದಿಗೂ ಪುಸ್ತಕಗಳಲ್ಲಿ ಅಚ್ಚಾಗುತ್ತದೆ. ಹೂವಿನ ಅಂಚಿನ ಬಾನೆಟ್ ತೊಟ್ಟು ಒಂದು ನಿಮಿಷಕ್ಕೂ ಮಿಕ್ಕಿ ನಿಶ್ಚಲವಾಗಿ ಕುಳಿತ ಆಕೆಯ ಮುಖದಲ್ಲಿ ತಾಳ್ಮೆಯ ಹೊರತು ಬೇರೇನನ್ನೂ ಓದುವುದು ಕಷ್ಟ.

ಫಿಲಡೆಲ್ಫಿಯದಲ್ಲಿ ದೀಪಗಳನ್ನು ತಯಾರಿಸುತ್ತಿದ್ದ ರಾಬರ್ಟ್ ಕಾರ್ನೀಲಿಯಸ್ 1839ರಲ್ಲೇ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡನು. ಕ್ಯಾಮರಾದ ಮುಚ್ಚಳ ತೆಗೆದು ಓಡಿಬಂದು ನಿಂತವನು ತಗಡಿನ ನಡುವಿಗೆ ಸರಿಯಾಗಿ ಬರಲಿಲ್ಲ. ಒಂದು ಪಕ್ಕಕ್ಕೆ ಸರಿದ ದೇಹ, ಕೆದರಿದ ಕೂದಲು, ಎದೆಯ ಮೇಲೆ ಕಟ್ಟಿದ ಕೈ. ನಿಯಮದ ಪ್ರಕಾರ ಅದು ಕೆಟ್ಟ ಚಿತ್ರ. ಆದರೆ ಆ ದಶಕದ ಸಾವಿರಾರು ನೆಟ್ಟನೆಯ ಭಾವಚಿತ್ರಗಳ ನಡುವೆ ನಮ್ಮನ್ನು ನಿಜವಾಗಿ ನೋಡುತ್ತಿರುವವನು ಈ ದೀಪದ ವ್ಯಾಪಾರಿಯೇ ಎಂದು ನನಗೆ ತೋರುತ್ತದೆ. ಕೆಲವು ವರ್ಷಗಳಲ್ಲೇ ಆತ ಈ ಹವ್ಯಾಸ ಬಿಟ್ಟು ತನ್ನ ದೀಪಗಳಿಗೆ ಮರಳಿದನು.

ಕಾಲಾವಧಿಯ ತೊಡಕನ್ನು ದೊಡ್ಡ ಪ್ರಮಾಣದಲ್ಲಿ ಬಿಡಿಸಿದವನು ವಿಯೆನ್ನಾದ ಗಣಿತಜ್ಞ ಯೋಸೆಫ್ ಪೆಟ್ಸ್‌ವಾಲ್. 1840ರಲ್ಲಿ ಆತ ಲೆಕ್ಕ ಹಾಕಿ ರೂಪಿಸಿ, ಫಾಯ್ಗ್ಟ್‌ಲೆಂಡರ್ ಸಂಸ್ಥೆ ತಯಾರಿಸಿದ ಮಸೂರ ಹಿಂದಿನವುಗಳಿಗಿಂತ ಹತ್ತಾರು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ನಿಮಿಷಗಳ ಮಾತು ಸೆಕೆಂಡುಗಳಿಗೆ ಇಳಿಯಿತು. 1841ರ ಮಾರ್ಚಿಯಲ್ಲಿ ರಿಚರ್ಡ್ ಬಿಯರ್ಡ್ ಎಂಬ ವ್ಯಾಪಾರಿ ಲಂಡನ್ನಿನ ಪಾಲಿಟೆಕ್ನಿಕ್ ಸಂಸ್ಥೆಯ ಮಾಳಿಗೆಯ ಮೇಲೆ ನೀಲಿಗಾಜಿನ ಛಾವಣಿಯ ಚಿತ್ರಶಾಲೆಯೊಂದನ್ನು ತೆರೆದನು, ಜನ ಮುಗಿಬಿದ್ದರು. ಸೆಕೆಂಡುಗಳೆಂದರೂ ಮನುಷ್ಯನ ಕುತ್ತಿಗೆ ಅಷ್ಟು ಹೊತ್ತು ನಿಲ್ಲುವಂಥದಲ್ಲ. ಆದ್ದರಿಂದ ಹಿಂದಿನಿಂದ ತಲೆಯನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಕವೆಗೋಲು ಬಂತು. ಹಳೆಯ ಚಿತ್ರಗಳಲ್ಲಿ ನಿಂತವರ ಪಾದದ ಹಿಂದೆ ಇಣುಕುವ ಮೂರನೆಯ ಕಾಲೊಂದನ್ನು ನೀವು ಕಂಡಿದ್ದರೆ ಅದು ಈ ಕವೆಗೋಲಿನ ಪೀಠ. ಆ ಕಾಲದವರು ನಗುತ್ತಲೇ ಇರಲಿಲ್ಲವೇನೋ ಎಂಬ ಭ್ರಮೆಗೆ ಒಂದು ಕಾರಣ ಈ ಕಬ್ಬಿಣ. ಕೇಳುಗರಲ್ಲಿ ಹಿರಿಯರಾದವರಿಗೆ ನಮ್ಮ ಜಿಲ್ಲಾ ಕೇಂದ್ರಗಳ ಸ್ಟುಡಿಯೋಗಳು ನೆನಪಿರಬಹುದು: ಹಿಂದೆ ಬಣ್ಣದ ಪರದೆ, ಮಗ್ಗುಲಲ್ಲಿ ಹೂದಾನಿಯ ಮೇಜು, ಮೊಣಕಾಲ ಮೇಲೆ ಅಂಗೈ ಊರಿ ಕುಳಿತ ಯಜಮಾನರು. ಕಬ್ಬಿಣ ಎಂದೋ ಹೋಗಿತ್ತು, ಸೆಕೆಂಡಿನ ಸಣ್ಣ ಪಾಲಿನಲ್ಲಿ ಚಿತ್ರ ಮುಗಿಯುತ್ತಿತ್ತು. ಆದರೂ ಕುತ್ತಿಗೆಗಳಿಗೆ ಆ ಕವೆಗೋಲಿನ ಅಭ್ಯಾಸ ಬಿಟ್ಟಿರಲಿಲ್ಲ.

ಬಣ್ಣದ ವಿಷಯದಲ್ಲಿ ಆದ ತಪ್ಪು ಇನ್ನೂ ಗಂಭೀರ. ನೀಲಿಯೊಂದನ್ನೇ ಬಲ್ಲ ಆ ರಾಸಾಯನಿಕಕ್ಕೆ ಕೆಂಪು, ಹಳದಿಗಳು ಕತ್ತಲೆ. ನೀಲಿ ಕಣ್ಣು ಬೆಳ್ಳಗೆ ತೇಲಿದರೆ, ಕೆನ್ನೆಯ ಕೆಂಪು ಕಪ್ಪು ಛಾಯೆಯಾಗುತ್ತಿತ್ತು. ಮುಖದ ಮೇಲಿನ ಸಣ್ಣ ಮಚ್ಚೆಗಳು ಸಿಡುಬಿನ ಕಲೆಗಳಂತೆ ಎದ್ದು ಕಾಣುತ್ತಿದ್ದವು. ಇದೇ ವಿಧಾನ ನಮ್ಮ ದೇಶಕ್ಕೆ ಬಂದಾಗ ಕುಂಕುಮ ಕಪ್ಪು ಬೊಟ್ಟಾಯಿತು, ಗೋಧಿಬಣ್ಣದ ಮುಖ ಇದ್ದುದಕ್ಕಿಂತ ಎಷ್ಟೋ ಕಪ್ಪಾಯಿತು. 1873ರಲ್ಲಿ ಜರ್ಮನಿಯ ಫೋಗೆಲ್ ಎಂಬಾತ ಬಣ್ಣವೊಂದನ್ನು ಬೆರೆಸಿ ಹಸಿರನ್ನೂ ಕಾಣುವಂತೆ ಮಾಡಿದನು. ಕೆಂಪನ್ನೂ ಸೇರಿಸಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಪೇಟೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಷ್ಟರವರೆಗಿನ ಭಾವಚಿತ್ರಗಳನ್ನು ನೋಡಿ ಯಾರ ಮೈಬಣ್ಣದ ಬಗೆಗೂ ನಾವು ತೀರ್ಪು ಕೊಡುವಂತಿಲ್ಲ.

ಎಡಬಲದ ಪ್ರಮಾದವೂ ಉಂಟು. ದಾಗೇರನ ತಗಡಿನಲ್ಲಿ ಕನ್ನಡಿಯಲ್ಲಿರುವಂತೆ ಎಡ ಬಲವಾಗುತ್ತಿತ್ತು; ಆಮೇಲೆ ಬಂದ ಕಬ್ಬಿಣದ ತಗಡಿನ ಚಿತ್ರದಲ್ಲಿಯೂ ಹಾಗೆಯೇ. ಅಮೆರಿಕದ ಬಿಲ್ಲಿ ದ ಕಿಡ್ ಎಂಬ ಪ್ರಖ್ಯಾತ ಪುಂಡನ ಚಿತ್ರವೊಂದು ಇಂಥ ತಗಡಿನಲ್ಲಿದೆ. ಅದನ್ನು ನೋಡಿದ ಜನ ಆತನನ್ನು ಎಡಚನೆಂದೇ ನಂಬಿದರು. 1958ರಲ್ಲಿ ಎಡಗೈಯ ಬಂದೂಕು ಎಂಬರ್ಥದ ಹೆಸರಿನಲ್ಲಿ ಚಲನಚಿತ್ರವೂ ಬಂದಿತು. ಚಿತ್ರದಲ್ಲಿ ಕೋವಿಗೆ ಗುಂಡು ತುಂಬುವ ಕಂಡಿ ತಪ್ಪು ಮಗ್ಗುಲಲ್ಲಿದೆಯೆಂಬುದನ್ನು ಯಾರೋ ಗಮನಿಸಿದ ಮೇಲೆ ಆ ಕಥೆ ಬಿದ್ದುಹೋಯಿತು. ಭಾವಚಿತ್ರವನ್ನು ಸಾಕ್ಷಿಯೆಂದು ಕರೆಯುವ ಇತಿಹಾಸಕಾರರು ಇದನ್ನು ಮರೆಯದಿರುವುದು ಲೇಸು.

ಇನ್ನು ಎರಡನೆಯ ಬಗೆಯವರ ಕಡೆಗೆ ಬರೋಣ. ಎಡಿನ್‌ಬರೋದ ಚಿತ್ರಕಾರ ಡೇವಿಡ್ ಆಕ್ಟೇವಿಯಸ್ ಹಿಲ್ 1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಒಡೆದು ಹೋಳಾದ ಸಂದರ್ಭವನ್ನು ದೊಡ್ಡ ಚಿತ್ರವಾಗಿ ಬರೆಯಲು ಹೊರಟು, ನಾನೂರೈವತ್ತಕ್ಕೂ ಹೆಚ್ಚು ಮುಖಗಳ ನೆನಪಿಗಾಗಿ ರಾಬರ್ಟ್ ಆಡಮ್‌ಸನ್ ಎಂಬ ಯುವಕನ ಕ್ಯಾಮರಾವನ್ನು ಆಶ್ರಯಿಸಿದನು. ಅವರು ಬಳಸಿದ್ದು ಕಾಗದದ ನೆಗೆಟಿವ್. ಕಾಗದದ ನಾರು ಚಿತ್ರದಲ್ಲಿಯೂ ಇಳಿದು ಸೂಕ್ಷ್ಮ ವಿವರಗಳೆಲ್ಲ ಕರಗಿಹೋಗುತ್ತಿದ್ದವು. ದಾಗೇರನ ತಗಡಿನ ಮುಂದೆ ಇದು ಬಲು ದೊಡ್ಡ ಕೊರತೆ. ಹಿಲ್ ಮಾತ್ರ ಆ ಒರಟುತನವೇ ಇದರ ಜೀವ, ಇದು ಮನುಷ್ಯನ ಕೈಕೆಲಸದಂತೆ ಅಪೂರ್ಣವಾಗಿದೆ ಎಂದು ವಾದಿಸಿದನು. ಬರೆಯಬೇಕಾಗಿದ್ದ ತೈಲಚಿತ್ರ ಮುಗಿದದ್ದು 1866ರಲ್ಲಿ; ಅದನ್ನು ಇಂದು ಕಲೆಯೆಂದು ನೋಡುವವರು ವಿರಳ. ಅದಕ್ಕಾಗಿ ತೆಗೆದ ಕರಡು ಛಾಯಾಚಿತ್ರಗಳೇ ಉಳಿದವು. ಆಡಮ್‌ಸನ್ 1848ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲೇ ತೀರಿಕೊಂಡನು.

ಆದರೆ ತಪ್ಪಿನೊಡನೆ ಜಗಳವಾಡಿ, ಒಲಿಸಿಕೊಂಡು, ಕಡೆಗೆ ಅದರ ಪರವಾಗಿ ವಕಾಲತ್ತು ವಹಿಸಿದವಳೆಂದರೆ ಜೂಲಿಯಾ ಮಾರ್ಗರೆಟ್ ಕ್ಯಾಮರನ್. ಕ್ಯಾಮರಾಕ್ಕೂ ಈ ಹೆಸರಿಗೂ ಇರುವ ಹೋಲಿಕೆ ಕೇವಲ ಆಕಸ್ಮಿಕ. ಆಕೆ ನಮ್ಮ ಕಲ್ಕತ್ತೆಯಲ್ಲಿ 1815ರ ಜೂನ್ 11ರಂದು ಹುಟ್ಟಿದಳು. ತಂದೆ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ. ತಾಯಿಯ ಕಡೆಯಿಂದ ಫ್ರೆಂಚ್ ರಕ್ತ. 1838ರಲ್ಲಿ ತನಗಿಂತ ಇಪ್ಪತ್ತು ವರ್ಷ ಹಿರಿಯನಾದ ಚಾರ್ಲ್ಸ್ ಹೇ ಕ್ಯಾಮರನ್ನನ ಕೈಹಿಡಿದಳು. ಈತ ಮೆಕಾಲೆಯೊಡನೆ ನಮ್ಮ ಕಾನೂನು ಆಯೋಗದಲ್ಲಿ ಕೆಲಸ ಮಾಡಿದ ನ್ಯಾಯಶಾಸ್ತ್ರಜ್ಞ. ಸಿಂಹಳದಲ್ಲಿ ಕಾಫಿ ತೋಟಗಳ ಒಡೆಯ. 1848ರಲ್ಲಿ ದಂಪತಿಗಳು ಇಂಗ್ಲೆಂಡಿಗೆ ಹೋದರು. 1860ರಲ್ಲಿ ವೈಟ್ ದ್ವೀಪದ ಫ್ರೆಷ್‌ವಾಟರ್ ಎಂಬಲ್ಲಿ ಮನೆ ಮಾಡಿ ಅದಕ್ಕೆ ಸಿಂಹಳದ ತೋಟವೊಂದರ ನೆನಪಿಗೆ ಡಿಂಬೋಲ ಎಂದು ಹೆಸರಿಟ್ಟರು. ನೆರೆಯಲ್ಲಿದ್ದವನು ಆಸ್ಥಾನಕವಿ ಟೆನಿಸನ್.

1863ರ ಡಿಸೆಂಬರ್. ಗಂಡ ಸಿಂಹಳಕ್ಕೆ ಹೋಗಿದ್ದಾನೆ. ಗಂಡುಮಕ್ಕಳು ದೂರದಲ್ಲಿದ್ದಾರೆ. ಒಬ್ಬಂಟಿಯಾದ ತಾಯಿಯ ಬೇಸರ ಕಳೆಯಲೆಂದು ಮಗಳೂ ಅಳಿಯನೂ ಒಂದು ಕ್ಯಾಮರಾ ಉಡುಗೊರೆ ಕೊಟ್ಟರು. ಆಕೆಗೆ ಆಗ ನಲವತ್ತೆಂಟು ವರ್ಷ. ಆ ವಯಸ್ಸಿನಲ್ಲಿ ಹೊಸ ವಿದ್ಯೆಗೆ ಕೈಹಾಕುವವರು ಎಲ್ಲ ಕಾಲದಲ್ಲಿಯೂ ಕಡಮೆ. ವಿಕ್ಟೋರಿಯಾ ಯುಗದ ಗೃಹಿಣಿಗೆ ಅದು ಇನ್ನೂ ದೂರದ ಮಾತು. ಆಕೆ ಕಲ್ಲಿದ್ದಲಿನ ಕೊಟ್ಟಿಗೆಯನ್ನು ಕತ್ತಲೆಕೋಣೆ ಮಾಡಿದಳು. ಗಾಜು ಹಾಕಿದ್ದ ಕೋಳಿಗೂಡನ್ನು ಚಿತ್ರಶಾಲೆ ಮಾಡಿದಳು. ಕೋಳಿಗಳಿಗೆ ಬಿಡುಗಡೆಯಾಯಿತು, ಯಾರೂ ಅವನ್ನು ಕೊಯ್ದು ತಿನ್ನಲಿಲ್ಲವೆಂದು ನಂಬಿದ್ದೇನೆ ಎಂಬ ಧಾಟಿಯಲ್ಲಿ ಆಕೆಯೇ ಬರೆದುಕೊಂಡಿದ್ದಾಳೆ. ಗಾಜುಮನೆಯ ವೃತ್ತಾಂತವನ್ನು ಹೇಳುವ ಈ ಬರಹವನ್ನು ಆಕೆ 1874ರಲ್ಲಿ ಆರಂಭಿಸಿ ಅಪೂರ್ಣವಾಗಿ ಬಿಟ್ಟಳು. ಕೆಲವೇ ಪುಟಗಳ ಆ ಬರಹದಲ್ಲಿ ತನ್ನ ಪ್ರಮಾದಗಳನ್ನು ಮರೆಮಾಚದೆ ನಗುನಗುತ್ತ ಹೇಳಿಕೊಂಡಿರುವ ರೀತಿ ಅಪರೂಪದ್ದು.

ಆಗಿನ ವಿಧಾನವನ್ನು ಸ್ವಲ್ಪ ವಿವರಿಸದೆ ಆಕೆಯ ತಪ್ಪುಗಳ ಸ್ವರೂಪ ತಿಳಿಯದು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಕಂಡುಹಿಡಿದ ಕೊಲೋಡಿಯನ್ ಪದ್ಧತಿ ಅದು. ಶುಭ್ರವಾದ ಗಾಜಿನ ಫಲಕದ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಒಂದೇ ಸಮನಾಗಿ ಹರಿಸಬೇಕು. ನಮ್ಮ ಮನೆಗಳಲ್ಲಿ ಕಾವಲಿಯ ಮೇಲೆ ನೀರುದೋಸೆ ಹರಡಿದಂತೆ, ಆದರೆ ಕೈಯಿಂದ ಮುಟ್ಟದೆ, ಗಾಜನ್ನೇ ಓರೆ ಮಾಡಿ. ಆಮೇಲೆ ಕತ್ತಲಲ್ಲಿ ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಅದ್ದಿ, ತೊಟ್ಟಿಕ್ಕುತ್ತಿರುವಾಗಲೇ ಕ್ಯಾಮರಾಕ್ಕೆ ಸೇರಿಸಿ, ಚಿತ್ರ ತೆಗೆದು, ತೇವ ಆರುವ ಮುನ್ನ ಮತ್ತೆ ಕತ್ತಲೆಕೋಣೆಗೆ ಓಡಿ ಮೂಡಿಸಬೇಕು. ಧೂಳಿನ ಕಣ ಕೂತರೆ ಚುಕ್ಕೆ. ದ್ರವ ಹರಿಯುವಾಗ ಕೈ ನಡುಗಿದರೆ ಗೆರೆ. ಬೆರಳು ತಗುಲಿದರೆ ಬೆರಳಿನ ಗುರುತು. ಬೆಳ್ಳಿಯ ದ್ರಾವಣ ಕೈಯನ್ನೂ ಉಡುಪನ್ನೂ ಕಪ್ಪಾಗಿಸುತ್ತಿತ್ತು. ಚಿತ್ರವನ್ನು ಸ್ಥಿರಗೊಳಿಸಲು ಆಕೆ ಬಳಸುತ್ತಿದ್ದ ಪೊಟ್ಯಾಸಿಯಂ ಸಯನೈಡ್ ಅಂತೂ ಘೋರ ವಿಷ. ಅದನ್ನು ಕೈಮೇಲೆ ಹೀಗೆ ಸುರಿದುಕೊಳ್ಳಬೇಡವೆಂದು ಮಿತ್ರನಾದ ಸರ್ ಜಾನ್ ಹರ್ಷಲ್ ಪತ್ರದಲ್ಲಿ ಎಚ್ಚರಿಸಿದ್ದನು.

ಕಲಿಸುವವರಿಲ್ಲದೆ ಆಕೆ ಆರಂಭಿಸಿದಳು. ಮೊದಲನೆಯ ಚಿತ್ರ ಊರಿನ ರೈತನೊಬ್ಬನದು. ದಪ್ಪನೆಯ ಆ ಮನುಷ್ಯನಿಗೆ ಗಂಟೆಗಿಷ್ಟೆಂದು ಕೂಲಿ ಕೊಟ್ಟು ಗಂಟೆಗಟ್ಟಲೆ ಕೂರಿಸಿದ್ದಳು. ಚಿತ್ರ ಮೂಡಿತು. ಸಂಭ್ರಮದಲ್ಲಿ ಗಾಜಿನ ಯಾವ ಮಗ್ಗುಲು ಲೇಪದ್ದೆಂಬುದನ್ನು ಮರೆತು ಅಂಗೈಯಿಂದ ಸವರಿದಳು, ರೈತ ಅಳಿಸಿಹೋದ. ಇಬ್ಬರು ಮಕ್ಕಳನ್ನು ಕೂಡಿಸಿ ತೆಗೆಯುವಾಗ ಒಂದು ಮಗು ತಡೆಯಲಾರದೆ ನಕ್ಕುಬಿಟ್ಟಿತು. ಆ ಫಲಕವೂ ವ್ಯರ್ಥವಾಯಿತು. ಇನ್ನು ಒಬ್ಬರನ್ನೇ ಕೂರಿಸುವುದೆಂದು ನಿಶ್ಚಯಿಸಿ, ಆನಿ ಫಿಲ್‌ಪಟ್ ಎಂಬ ಹುಡುಗಿಯನ್ನು ಕರೆದು, ನೀನು ಅಲುಗಾಡಿದರೆ ಈ ಬಡ ಮುದುಕಿಯ ಔಷಧಿಯೂ ಶಕ್ತಿಯೂ ಹಾಳಾದಾವೆಂದು ಬೇಡಿಕೊಂಡಳು. ಹುಡುಗಿ ಅಲುಗಲಿಲ್ಲ. ಅದು 1864ರ ಜನವರಿ ಕೊನೆ. ಸಂತೋಷಕ್ಕೆ ಹುಚ್ಚಾದಂತಾಗಿ ಮನೆಯಲ್ಲೆಲ್ಲ ಓಡಾಡಿ ಹುಡುಗಿಗೆ ಕೊಡಲು ಉಡುಗೊರೆ ಹುಡುಕಿದಳಂತೆ. ಚಿತ್ರವನ್ನು ತಾನೇ ಮಾಡಿದೆನೆಂಬ ಗರ್ವಕ್ಕಿಂತ ಆ ಮಗುವೇ ಮಾಡಿತೆಂಬ ಭಾವ. ಅದೇ ದಿನ ಪ್ರಿಂಟು ಹಾಕಿ, ಚೌಕಟ್ಟು ಕಟ್ಟಿಸಿ, ಹುಡುಗಿಯ ತಂದೆಗೆ ಒಪ್ಪಿಸಿದಳು. ಅದರ ಕೆಳಗೆ ಇದು ನನ್ನ ಮೊದಲ ಯಶಸ್ಸು ಎಂಬರ್ಥದ ಮಾತನ್ನು ಬರೆದಳು.

ಆ ಚಿತ್ರವನ್ನು ಇಂದು ನೋಡಿದರೆ ಕೋಟಿನ ಗುಂಡಿಗಳು, ಕೂದಲಿನ ಎಳೆಗಳು ಒಂದೂ ಚೂಪಾಗಿಲ್ಲ. ಇಲ್ಲಿಂದಲೇ ವಿವಾದ. ಕ್ಯಾಮರಾದ ಹಿಂಬದಿಯ ಉಜ್ಜುಗಾಜಿನ ಮೇಲೆ ಬಿಂಬವನ್ನು ನೋಡುತ್ತ ಮಸೂರವನ್ನು ಹಿಂದೆಮುಂದೆ ತಿರುಗಿಸುವಾಗ, ಎಲ್ಲ ಗೆರೆಗಳೂ ಖಚಿತವಾಗುವ ಬಿಂದುವಿಗೆ ತಲುಪಿ ನಿಲ್ಲಬೇಕೆಂಬುದು ಶಾಸ್ತ್ರ. ಆಕೆ ಆ ಬಿಂದುವನ್ನು ತಲುಪುವ ಮೊದಲೇ, ತನ್ನ ಕಣ್ಣಿಗೆ ಸುಂದರವಾಗಿ ಕಂಡ ಕಡೆ ನಿಂತುಬಿಡುತ್ತಿದ್ದಳು. ನಾಭಿ ತಪ್ಪಿದ ತನ್ನ ಮೊದಲ ಚಿತ್ರಗಳು ಒಲಿದುಬಂದದ್ದು ಅದೃಷ್ಟದಿಂದ ಎಂದು ಆಕೆಯೇ ಒಪ್ಪಿಕೊಂಡಿದ್ದಾಳೆ. ಇದಕ್ಕೆ ಬೇರೆ ಕಾರಣಗಳೂ ಇದ್ದವು. ಹಳೆಯ ಮಸೂರಗಳಲ್ಲಿ ಹಳದಿ ಕಿರಣಗಳು ಕೂಡುವ ಸ್ಥಳ ಒಂದು, ನೀಲಿ ಕಿರಣಗಳು ಕೂಡುವ ಸ್ಥಳ ಇನ್ನೊಂದು ಆಗಿರುತ್ತಿದ್ದುದುಂಟು. ನಮ್ಮ ಕಣ್ಣು ಹಳದಿಯನ್ನು ನೆಚ್ಚುತ್ತದೆ, ಫಲಕ ನೀಲಿಯನ್ನು; ಕಣ್ಣಿಗೆ ಸರಿಯಾಗಿ ಕಂಡದ್ದು ಫಲಕಕ್ಕೆ ಸರಿಯಾಗುತ್ತಿರಲಿಲ್ಲ. ಅದರ ಮೇಲೆ, ದೊಡ್ಡ ಫಲಕ, ಹತ್ತಿರದ ಮುಖ, ಪೂರ್ತಿ ತೆರೆದ ಮಸೂರ: ಕಣ್ಣು ಸ್ಪಷ್ಟವಾದರೆ ಕಿವಿ ಮಸುಕು, ಮೂಗು ಸ್ಪಷ್ಟವಾದರೆ ಕಣ್ಣು ಮಸುಕು. ಒಂದು ಚಿತ್ರಕ್ಕೆ ಹಲವು ನಿಮಿಷ ಹಿಡಿಯುತ್ತಿದ್ದುದರಿಂದ ಕುಳಿತವರ ಉಸಿರಾಟವೂ ಅದರಲ್ಲಿ ಸೇರುತ್ತಿತ್ತು. ಆಕೆ ಕಬ್ಬಿಣದ ಕವೆಗೋಲನ್ನು ಬಳಸಲೊಪ್ಪಲಿಲ್ಲ.

ಹಾಗಾದರೆ ಇದು ತಪ್ಪೋ, ಆಯ್ಕೆಯೋ? ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಕೈಲಾಗದ್ದನ್ನು ಕಲೆಯೆಂದು ಕರೆದಳೆಂಬುದು ಒಂದು. ಮೊದಲಿನಿಂದಲೂ ಉದ್ದೇಶಪೂರ್ವಕವೆಂಬುದು ಇನ್ನೊಂದು. ನನ್ನ ಎಣಿಕೆಯಲ್ಲಿ ಎರಡೂ ಅತಿ. ಆಕೆಯೇ ಅದೃಷ್ಟವೆಂದು ಒಪ್ಪಿಕೊಂಡ ಮೇಲೆ ಎರಡನೆಯ ಪಕ್ಷಕ್ಕೆ ಆಧಾರವೆಲ್ಲಿ? 1866ರ ಹೊತ್ತಿಗೆ ಹನ್ನೆರಡು ಹದಿನೈದು ಅಂಗುಲದ ಫಲಕ ಹಿಡಿಸುವ ದೊಡ್ಡ ಕ್ಯಾಮರಾವನ್ನೂ ಹೊಸ ಮಸೂರವನ್ನೂ ತರಿಸಿಕೊಂಡ ಮೇಲೆ ಸ್ಪಷ್ಟತೆ ಬೇಕಾಗಿದ್ದರೆ ಸಿಗುತ್ತಿತ್ತು. ಆದರೂ ಆಕೆ ಮಸುಕನ್ನು ಬಿಡಲಿಲ್ಲವೆಂದ ಮೇಲೆ ಮೊದಲನೆಯ ಪಕ್ಷವೂ ನಿಲ್ಲದು. ಕವಿತೆ ಬರೆಯುವವರಿಗೆ ಇದು ಹೊಸ ಅನುಭವವಲ್ಲ. ಛಂದಸ್ಸು ತಪ್ಪಿ ಬಂದ ಪಾದವೊಂದು ಒಳ್ಳೆಯ ಲಯ ತಂದಾಗ, ಮುಂದಿನ ಪಾದವನ್ನು ಬೇಕೆಂದೇ ಹಾಗೆ ತಪ್ಪಿಸುವುದುಂಟು. 1864ರ ಕೊನೆಯ ದಿನ ಹರ್ಷಲನಿಗೆ ಬರೆದ ಪತ್ರದಲ್ಲಿ ಆಕೆ ನಾಭಿಯೆಂದರೇನು, ಇಂಥದೇ ಸರಿಯಾದ ನಾಭಿಯೆಂದು ಹೇಳುವ ಹಕ್ಕು ಯಾರಿಗಿದೆ ಎಂದು ಕೇಳುತ್ತಾಳೆ. ಕೆಲಸ ಆರಂಭಿಸಿ ಒಂದು ವರ್ಷವಾಗಿದೆಯಷ್ಟೆ. ಆಗಲೇ ಪ್ರಶ್ನೆ ತಾಂತ್ರಿಕತೆಯ ಎಲ್ಲೆಯನ್ನು ದಾಟಿದೆ.

ವೃತ್ತಿಯವರು ಈ ಪ್ರಶ್ನೆಯನ್ನು ಸಹಿಸಲಿಲ್ಲ. ಫೋಟೋಗ್ರಾಫಿಕ್ ಸೊಸೈಟಿಯ ಪತ್ರಿಕೆ 1865ರಲ್ಲಿ ಆಕೆಯ ಸಾಹಸವನ್ನು ಒಪ್ಪುತ್ತಲೇ, ಛಾಯಾಗ್ರಹಣದ ಉಳಿದೆಲ್ಲ ಗುಣಗಳನ್ನೂ ಬಲಿಕೊಟ್ಟಿದ್ದಾಳೆಂದು ಛೀಮಾರಿ ಹಾಕಿತು. ಬರ್ಲಿನ್ನಿನಲ್ಲಿ ಮಾತ್ರ 1865ರಲ್ಲಿ ಕಂಚು, ಮರುವರ್ಷ ಚಿನ್ನದ ಪದಕ ಬಂದವು. ಆಲಿಸಳ ಕಥೆ ಬರೆದ ಲೂಯಿಸ್ ಕ್ಯಾರಲ್ ಒಳ್ಳೆಯ ಛಾಯಾಗ್ರಾಹಕನೂ ಆಗಿದ್ದನು. 1864ರ ಬೇಸಿಗೆಯಲ್ಲಿ ಫ್ರೆಷ್‌ವಾಟರಿಗೆ ಬಂದಾಗ ಇಬ್ಬರೂ ತಮ್ಮ ಚಿತ್ರಗಳನ್ನು ಪರಸ್ಪರ ತೋರಿಸಿಕೊಂಡರು. ಆತನ ಮಾದರಿಗಳನ್ನು ತಾನು ಮಸುಕಾಗಿ ತೆಗೆಯಬೇಕಾಗಿತ್ತೆಂದು ಆಕೆ ಹೇಳಿದಳಂತೆ. ಆಕೆಯ ಮಾದರಿಗಳ ವಿಷಯದಲ್ಲಿ ಆತನಿಗೆ ಇದರ ವಿರುದ್ಧವಾದ ಆಸೆ ಹುಟ್ಟಿತು. ಇದನ್ನು ಆತ ಪತ್ರವೊಂದರಲ್ಲಿ ಚುಚ್ಚುಮಾತಾಗಿ ಬರೆದಿದ್ದಾನೆ. ಕ್ಯಾರಲನ ಚಿತ್ರಗಳು ಅಂದವಾಗಿವೆ, ನಿಜ. ಆದರೆ ಕ್ಯಾಮರನ್ನಳ ಹರ್ಷಲನನ್ನು ನೋಡಿದವರು ಅವನ್ನು ಮರೆಯುತ್ತಾರೆ.

ಹರ್ಷಲ್ ಸಾಮಾನ್ಯನಲ್ಲ. ಬೆಳ್ಳಿಯ ಲವಣವನ್ನು ಕರಗಿಸುವ ಹೈಪೋವಿನ ಗುಣವನ್ನು 1819ರಲ್ಲೇ ಗುರುತಿಸಿದ್ದವನು. ನೆಗೆಟಿವ್, ಪಾಸಿಟಿವ್ ಎಂಬ ಪದಗಳನ್ನು ಈ ವಿದ್ಯೆಗೆ ತಂದವನು. ಇವರಿಬ್ಬರ ಗೆಳೆತನ 1836ರಲ್ಲಿ ಆಫ್ರಿಕದ ತುದಿಯ ಕೇಪಿನಲ್ಲಿ ಆರಂಭವಾದದ್ದು. ಛಾಯಾಚಿತ್ರವೆಂಬ ಸೋಜಿಗದ ಮಾದರಿಗಳನ್ನು ಕಲ್ಕತ್ತೆಯಲ್ಲಿದ್ದ ಆಕೆಗೆ ಕಳಿಸಿ ಪರಿಚಯಿಸಿದವನೂ ಆತನೇ. 1867ರ ಏಪ್ರಿಲಿನಲ್ಲಿ ಆಕೆ ಸಾಮಗ್ರಿಯನ್ನೆಲ್ಲ ಹೊತ್ತು ಆತನ ಮನೆಗೇ ಹೋದಳು. ಎಪ್ಪತ್ತೈದರ ಮುದುಕನ ತಲೆಗೂದಲನ್ನು ತೊಳೆಸಿ, ಬಾಚದೆ ಕೆದರಿಸಿ, ಕಪ್ಪು ಬಟ್ಟೆ ಹೊದಿಸಿ ಕೂರಿಸಿದಳು. ಹಿನ್ನೆಲೆಯಲ್ಲಿ ಕಂಬವಿಲ್ಲ, ಪರದೆಯಿಲ್ಲ, ಕೈಯಲ್ಲಿ ಪುಸ್ತಕವಿಲ್ಲ. ಕತ್ತಲೆಯ ನಡುವೆ ಬೆಳ್ಳಿಯ ಪ್ರಭೆಯಂತೆ ಹರಡಿದ ಕೂದಲು, ನೀರಾಡುವ ಕಣ್ಣು, ಸುಕ್ಕುಗಟ್ಟಿದ ಹಣೆ. ಆಯುಷ್ಯವಿಡೀ ನಕ್ಷತ್ರಗಳನ್ನು ನೋಡಿದವನು ಈಗ ಬೇರೇನನ್ನೋ ನೋಡುತ್ತಿದ್ದಾನೆ. ಕಣ್ಣಿನ ಸುತ್ತ ಮಾತ್ರ ಸ್ವಲ್ಪ ಖಚಿತತೆಯಿದೆ, ಉಳಿದುದೆಲ್ಲ ಕರಗುತ್ತಿದೆ. ಬಟ್ಟೆಯ ನೇಯ್ಗೆಯೂ ಅಷ್ಟೇ ಖಚಿತವಾಗಿದ್ದರೆ ನಮ್ಮ ದೃಷ್ಟಿ ಅಲ್ಲಿಗೂ ಹರಿದು ಈ ಮುಖವನ್ನು ಬಿಡುತ್ತಿತ್ತೆಂದು ನನಗೆ ಅನ್ನಿಸುತ್ತದೆ. ಅದೇ ವರ್ಷ ತೆಗೆದ ಕಾರ್ಲೈಲನ ಮುಖವಂತೂ ಅರೆಕೆತ್ತಿದ ಬಂಡೆಯಂತಿದೆ.

ಆಕೆ ಎಲ್ಲ ತಪ್ಪುಗಳನ್ನೂ ಮುದ್ದಿಸಿದಳೆಂದು ತಿಳಿಯಬಾರದು. 1869ರ ಸುಮಾರಿಗೆ ಆಕೆಯ ನೆಗೆಟಿವ್‌ಗಳ ಲೇಪ ಜೇನುಗೂಡಿನಂತೆ ಬಿರುಕು ಬಿಡಲಾರಂಭಿಸಿತು. ಅಚ್ಚುಮೆಚ್ಚಿನ ನಲವತ್ತೈದು ಫಲಕಗಳು ಹಾಳಾದವು. ತನ್ನನ್ನು ಹಳಿದಿದ್ದ ಸೊಸೈಟಿಯ ಸದಸ್ಯರ ಮುಂದೆಯೇ ಹೋಗಿ ಕಾರಣ ಕೇಳಿದಳು. ವಾರ್ನಿಷಿನ ದೋಷವೋ, ಸಮುದ್ರದ ಉಪ್ಪುಗಾಳಿಯೋ, ತೊಳೆಯುವುದು ಸಾಲದೆಯೋ ಎಂದೆಲ್ಲ ಚರ್ಚೆ ನಡೆಯಿತು. ಯಾವುದನ್ನು ತಿದ್ದಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ವಿವೇಚನೆ ಆಕೆಗೆ ಸ್ಪಷ್ಟವಾಗಿತ್ತು. ಅದೇ ವರ್ಷದ ‘ಕನಸು’ ಎಂಬ ಚಿತ್ರದ ಕೆಳಮೂಲೆಯಲ್ಲಿ ಎರಡು ಬೆರಳಿನ ಗುರುತುಗಳಿವೆ. ಅವನ್ನು ತೆಗೆದುಹಾಕಲು ಆಕೆ ಪ್ರಯತ್ನಿಸಲಿಲ್ಲ. ಚಿತ್ರಕಾರ ವಾಟ್ಸ್ ಅದನ್ನು ದಿವ್ಯವೆಂದು ಕೊಂಡಾಡಿದನು.

ಎಲ್ಲವೂ ದಿವ್ಯವೇನಲ್ಲ. ಮಕ್ಕಳ ಬೆನ್ನಿಗೆ ಹಕ್ಕಿಯ ರೆಕ್ಕೆ ಕಟ್ಟಿ ದೇವತೆಗಳೆಂದದ್ದು, ಮನೆಗೆಲಸದ ಮೇರಿ ಹಿಲ್ಲಿಯರಳನ್ನು ಮತ್ತೆ ಮತ್ತೆ ಕನ್ಯೆ ಮೇರಿಯಾಗಿಸಿದ್ದು, ಟೆನಿಸನ್ನನ ಕಾವ್ಯಕ್ಕಾಗಿ ಪರಿಚಿತರಿಗೆ ರಾಜರಾಣಿಯರ ವೇಷ ಹಾಕಿಸಿದ್ದು—ಇವುಗಳಲ್ಲಿ ಹಲವು ಇಂದು ಶಾಲೆಯ ವಾರ್ಷಿಕೋತ್ಸವವನ್ನು ನೆನಪಿಸುತ್ತವೆ. ಆ ವೇಷಗಳ ಹಿಂದಿನ ಜೀವನಗಳು ಮಾತ್ರ ಬೇರೆ. ಮೇರಿ ರಯನ್ ಎಂಬಾಕೆಯನ್ನು ಬೀದಿಯಲ್ಲಿ ತಾಯಿಯೊಡನೆ ಭಿಕ್ಷೆ ಬೇಡುತ್ತಿದ್ದಾಗ ಕ್ಯಾಮರನ್ ಕರೆತಂದು ಸಾಕಿ, ಓದಿಸಿ, ಕೆಲಸಕ್ಕಿಟ್ಟು, ಚಿತ್ರಗಳಿಗೂ ಕೂರಿಸಿದ್ದಳು. ಚಿತ್ರಪ್ರದರ್ಶನದಲ್ಲಿ ಅವಳನ್ನು ಕಂಡು ಮನಸೋತ ತರುಣನೊಬ್ಬ 1867ರಲ್ಲಿ ಮದುವೆಯಾದನು. ಆ ತರುಣ ಹೆನ್ರಿ ಕಾಟನ್. 1904ರ ಮುಂಬಯಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷನಾಗಿ ನಮ್ಮ ಇತಿಹಾಸಕ್ಕೂ ಪರಿಚಿತನಾದ ಸರ್ ಹೆನ್ರಿ ಕಾಟನ್ ಆತನೇ.

1875ರಲ್ಲಿ ಹಣದ ಅಡಚಣೆಯೂ ಗಂಡನ ಹಂಬಲವೂ ಸೇರಿ ದಂಪತಿಗಳು ಸಿಂಹಳಕ್ಕೆ ಹೊರಟರು. ಅಲ್ಲಿ ಆಕೆ ತೆಗೆದ ಚಿತ್ರಗಳಲ್ಲಿ ಮೂವತ್ತಕ್ಕಿಂತ ಕಡಮೆ ಉಳಿದಿವೆ. ಬಿಸಿಗೆ ಕೊಲೋಡಿಯನ್ ಬೇಗ ಆರುತ್ತಿತ್ತು. ಶುದ್ಧ ನೀರಿಗೂ ಔಷಧಿಗಳಿಗೂ ಅಭಾವ. ಉಳಿದವುಗಳಲ್ಲಿ ಹಲವು ಅಲ್ಲಿನ ಹಳ್ಳಿಗರ, ತೋಟದ ಕೂಲಿಗಳ ಚಿತ್ರಗಳು. ಆ ತೋಟಗಳಿಗೆ ನಮ್ಮ ತಮಿಳುನಾಡಿನಿಂದ ಕೂಲಿಗಳು ಹೋಗುತ್ತಿದ್ದುದು ಎಲ್ಲರಿಗೂ ತಿಳಿದದ್ದೇ. ಇಂಗ್ಲೆಂಡಿನಲ್ಲಿ ಪ್ರತಿಯೊಂದು ಪ್ರಿಂಟಿನ ಕೆಳಗೂ ಕುಳಿತವರ ಹೆಸರನ್ನು ತನ್ನ ದೊಡ್ಡ ಅಕ್ಷರಗಳಲ್ಲಿ ಬರೆಯುವ ಅಭ್ಯಾಸವಿದ್ದ ಆಕೆ, ಇವರ ಹೆಸರುಗಳನ್ನು ಬರೆದಿಡಲಿಲ್ಲ. ಭಿಕ್ಷುಕಿಯ ಮಗಳನ್ನು ಹೆಸರಿನಿಂದ ಉಳಿಸಿದ ಕೈ ಇದು. ಮಸುಕಾದ ಅಂಚನ್ನು ಕ್ಷಮಿಸುವಷ್ಟು ಸುಲಭವಾಗಿ ಈ ಮರೆವನ್ನು ಕ್ಷಮಿಸಲು ನನಗೆ ಮನಸ್ಸು ಬರುವುದಿಲ್ಲ.

1877ರ ಜನವರಿಯಲ್ಲಿ ಲೋಕಸಂಚಾರಿಯಾದ ಸಸ್ಯಚಿತ್ರಕಾರ್ತಿ ಮೇರಿಯಾನ್ ನಾರ್ತ್ ಕಳುತರದ ಅವರ ಮನೆಗೆ ಬಂದಳು. ಅತಿಥಿಯನ್ನು ಕಂಡದ್ದೇ ತಡ, ಕ್ಯಾಮರನ್ ಆಕೆಗೆ ಕಾಶ್ಮೀರಿ ಶಾಲು ಹೊದಿಸಿ, ಕೂದಲು ಬಿಚ್ಚಿಸಿ, ತೆಂಗಿನ ಗರಿಗಳ ಮುಂದೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿದಳು. ಗರಿಗಳು ತಲೆಗೆ ಚುಚ್ಚುತ್ತಿದ್ದವು. ಎಲೆಗಳ ಸಂದಿಯಿಂದ ಬಿಸಿಲು ಕಣ್ಣಿಗೆ ಬೀಳುತ್ತಿತ್ತು. ಬಿಸಿ 96 ಡಿಗ್ರಿ. ಸಹಜವಾಗಿರು ಎಂದು ಆಜ್ಞೆ ಬೇರೆ. ಎಷ್ಟು ಫಲಕಗಳನ್ನು ವ್ಯಯಮಾಡಿದರೂ ಗಾಜಿನ ಮೇಲೆ ತಾನು ಒಬ್ಬ ಸಾಮಾನ್ಯ, ನೀರಸ ಹೆಂಗಸಾಗಿಯೇ ಮೂಡಿದೆನೆಂದು ನಾರ್ತ್ ತನ್ನ ನೆನಪುಗಳಲ್ಲಿ ನಗುತ್ತ ಬರೆದಿದ್ದಾಳೆ. ಅದಾದ ಎರಡು ವರ್ಷಕ್ಕೆ, 1879ರ ಜನವರಿ 26ರಂದು, ಕ್ಯಾಮರನ್ ಸಿಂಹಳದಲ್ಲೇ ತೀರಿಕೊಂಡಳು. ಬೊಗವಂತಲಾವದ ಚರ್ಚಿನ ಅಂಗಳದಲ್ಲಿ, ಚಹಾ ತೋಟಗಳ ನಡುವೆ, ಆಕೆಯ ಸಮಾಧಿಯಿದೆ.